ಬಸುರಿ ಗಂಡಿಗೆ ರೊಳ್ಳದಿಂದೊಂದು ಕಾಗದ

ಸಿಡ್ನಿ ಬಂದರಿನ ಕಬ್ಬಿಣದ ಹೋಟೆಲಿನಲ್ಲಿ ಬಿಡಾರ ಹೂಡಿರುವ ಶ್ರೀಮಾನ್ ವೈಟ್ ಕಡಲ್ಗುದುರೆಯವರಿಗೆ, ರೊಳ್ಳದ ಕಡಲೆಕಾಯಿ ರೈತನ ನಮಸ್ಕಾರ.

ಕಡಲು ಅಂದರೆ ನಮ್ಮ ಕಡೆ ಕಿವಿಗೆ ಬೀಳುವುದು ಕಡಲೆ. ನಾನು ಸಮುದ್ರ ಕಂಡವನಲ್ಲ; ನಮ್ಮ ಕೆರೆಗಳಲ್ಲಿ ನೀರಿಗಿಂತ ಜಾಲಿಯೇ ಹೆಚ್ಚು. ಆದರೂ ಬರೆಯುತ್ತಿದ್ದೇನೆ, ನಿಮ್ಮದೂ ನಮ್ಮದೂ ಒಂದೇ ಪಾಡು ಅಂತ. ನಿಮ್ಮ ಹೆಸರು ಕುದುರೆ, ಜಾತಿ ಮೀನು. ನಾವು ಆಡುವುದು ಕನ್ನಡ, ಕಂದಾಯ ಕಟ್ಟುವುದು ಆಂಧ್ರಕ್ಕೆ. 2022ರಲ್ಲಿ ಒಂದು ರಾತ್ರಿ ಅನಂತಪುರ ಜಿಲ್ಲೆಯಲ್ಲಿ ಮಲಗಿದವರು ಬೆಳಗ್ಗೆ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ ಎದ್ದೆವು. ಸೆಳವಿಗೆ ಕೊಚ್ಚಿಹೋಗದಂತೆ ನೀವು ಹುಲ್ಲಿಗೆ ಬಾಲ ಸುತ್ತಿ ನಿಲ್ಲುತ್ತೀರಂತೆ. ನಮಗೆ ಬಾಲವೂ ಇಲ್ಲ.

ನಿಮ್ಮ ಸಂಸಾರದ ಸುದ್ದಿ ಓದಿದೆ. ಹೆಂಡತಿ ಮೊಟ್ಟೆಗಳನ್ನು ಗಂಡನ ಹೊಟ್ಟೆಚೀಲಕ್ಕೆ ಹಾಕಿ ಹೋಗುತ್ತಾಳೆ, ಮೂರು ವಾರ ಹೊತ್ತು ಹೆರುವವನು ಗಂಡ, ಆಕೆ ದಿನಾ ಬೆಳಗ್ಗೆ ಬಂದು ಕುಶಲ ವಿಚಾರಿಸಿ ಒಂದು ಕುಣಿತ ಕುಣಿದು ಹೋಗುತ್ತಾಳೆ. ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಅಂದಿನಿಂದ ನಮ್ಮಾಕೆ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಾಳೆ. ನೀವು ಇಲ್ಲಿಗೆ ಬಂದರೆ ಅಂಗನವಾಡಿ ಮೊಟ್ಟೆ ಸಿಗುವುದು ಕಷ್ಟ. ಅರ್ಜಿಯಲ್ಲಿ ‘ಗರ್ಭಿಣಿಯ ಗಂಡನ ಹೆಸರು’ ಎಂಬಲ್ಲಿ ಏನು ಬರೆಯುತ್ತೀರಿ?

ಇನ್ನು ಹೋಟೆಲ್. ನಾವು ಇಡ್ಲಿ-ವಡೆ ಅಂದುಕೊಂಡಿದ್ದೆವು. ನಿಮಗೆ ಆಸರೆಯಾಗಿದ್ದ ಸಮುದ್ರಹುಲ್ಲು, ಸ್ಪಂಜು, ಮೆದು ಹವಳವೆಲ್ಲ ದೋಣಿಗಳ ಲಂಗರಿಗೆ, ಮರಳಿಗೆ ಸಿಕ್ಕಿ ಹಾಳಾದವು. ನೀವು ಅಳಿವಿನಂಚಿನ ಪಟ್ಟಿಗೆ ಸೇರಿದಿರಿ. ಆಗ ಡೇವಿಡ್ ಹರಾಸ್ಟಿ ಎಂಬ ವಿಜ್ಞಾನಿ, ಯಾರೋ ಬಿಟ್ಟುಹೋದ ಏಡಿಬೋನುಗಳಲ್ಲಿ ನಿಮ್ಮವರು ಸಂಸಾರ ಹೂಡಿದ್ದು ಕಂಡು, ಅದೇ ಮಾದರಿಯಲ್ಲಿ ಪಂಜರ ಮಾಡಿಸಿ ಸಮುದ್ರಕ್ಕಿಳಿಸಿದರು. ಅದರ ಮೇಲೆ ಸ್ಪಂಜು, ಪಾಚಿ ಬೆಳೆಯುತ್ತವೆ, ಕಬ್ಬಿಣ ತುಕ್ಕು ಹಿಡಿದು ಕುಸಿಯುತ್ತದೆ, ಬೆಳೆದದ್ದು ಮನೆಯಾಗಿ ಉಳಿಯುತ್ತದೆ. ಕುಸಿಯುವುದೂ ಯೋಜನೆಯ ಭಾಗ!

ನಮ್ಮ ದೇಶದಲ್ಲಿರುವ ನಿಮ್ಮ ದಾಯಾದಿಗಳಿಗೂ ಕೊರತೆ ಮಾಡಿಲ್ಲ. 2001ರಲ್ಲೇ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಗೆ, ಹುಲಿಯ ಪಕ್ಕಕ್ಕೇ, ಕೂರಿಸಿದ್ದೇವೆ. ಟ್ರಾಲರ್ ಬಲೆಗೆ ಮಾತ್ರ ಕಾಯ್ದೆ ಓದಲು ಬರುವುದಿಲ್ಲ. ಸೀಗಡಿ ಜೊತೆ ಬಾಚಿ ತರುತ್ತದೆ, ಒಣಗಿದವರು ಕಳ್ಳದಾರಿಯಲ್ಲಿ ಪೂರ್ವದೇಶಗಳ ಔಷಧದಂಗಡಿ ಸೇರುತ್ತಾರೆ. ಬೇಸರ ಬೇಡ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಎಂದು ಸಂವಿಧಾನದ 350ಎ ವಿಧಿ ನಮಗೂ ಹೇಳಿದೆ. ಕಾಗದದ ಮೇಲೆ ನಾವಿಬ್ಬರೂ ಹುಲಿಗಳೇ.

ಒಂದು ವಿನಂತಿ. ಆ ಹೋಟೆಲಿನ ನಕ್ಷೆ ಕಳಿಸಿಕೊಡಿ. ಕುಸಿಯುವ ಭಾಗ ನಮ್ಮ ಚೆಕ್ ಡ್ಯಾಮ್ ಗುತ್ತಿಗೆದಾರರಿಗೆ ಬಾಯಿಪಾಠ. ಕುಸಿಯುವಷ್ಟರಲ್ಲಿ ಅಲ್ಲಿ ಏನಾದರೂ ಬೆಳೆದಿರಬೇಕು ಅನ್ನುವುದನ್ನು ಮಾತ್ರ ಯಾರಾದರೂ ಹೇಳಿಕೊಡಬೇಕು.

ಇಂತಿ,
ಕಡಲು ಕಾಣದ ಕಡಲೆಕಾಯಿಯವ

ತಾ.ಕ.: ಜವಾಬನ್ನು ಕನ್ನಡದಲ್ಲೇ ಬರೆಯಿರಿ. ಲಕೋಟೆಯ ಮೇಲಿನ ವಿಳಾಸ ತೆಲುಗಿನಲ್ಲಿರಲಿ, ಬೇಗ ತಲುಪುತ್ತದೆ.