ಪತ್ತೆವಾದ ಮತ್ತು ಶಯನವಾದ: ವಿಮಾದರ್ಶನದ ಎರಡು ಪಂಥಗಳು

ಕೋವಿಡ್ ಮಹಾಮಾರಿಯಿಂದ ವಿಮಾ ಉದ್ಯಮಕ್ಕಾದ ನಷ್ಟವನ್ನು ಲೆಕ್ಕ ಹಾಕಿದವರು ಬಹಳ ಮಂದಿಯಿದ್ದರೂ, ಅದು ಎಬ್ಬಿಸಿದ ಮೂಲಪ್ರಶ್ನೆಯನ್ನು, ಅಂದರೆ ರೋಗವೆಂಬುದು ಯಾವ ಕ್ಷಣದಿಂದ ರೋಗವಾಗುತ್ತದೆ ಎಂಬುದನ್ನು, ತರ್ಕಶಾಸ್ತ್ರದ ನೆಲೆಯಲ್ಲಿ ವಿಚಾರಿಸಿದವರು ವಿರಳ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ನೈಯಾಯಿಕರು ಒಪ್ಪಿದರು. ವಿಮಾಚಾರ್ಯರು ಅಷ್ಟು ಬೇಗ ಒಪ್ಪುವವರಲ್ಲ.

ಒಪ್ಪಿ ಕೆಟ್ಟವರ ಪಂಥವನ್ನು ಪತ್ತೆವಾದವೆನ್ನಬಹುದು. ಇದರ ಪೀಠ ಥಾಯ್ಲೆಂಡ್. ಅಲ್ಲಿನ ಕಂಪನಿಗಳು ‘ಕಂಡರೆ ಕೊಡು, ಮುಗಿಸು’ ಎಂಬರ್ಥದ ಹೆಸರಿನಲ್ಲಿ, ಕೆಲವೇ ನೂರು ಬಾತ್ ಪ್ರೀಮಿಯಂ ಪಡೆದು, ಸೋಂಕು ದೃಢಪಟ್ಟ ಮಾತ್ರಕ್ಕೆ ಲಕ್ಷ ಬಾತ್‌ವರೆಗೆ ಕೊಡುವ ಪಾಲಿಸಿಗಳನ್ನು ಮಾರಿದವು. ವಿಮೆಯು ನಿಂತಿರುವುದು ಬೃಹತ್ ಸಂಖ್ಯೆಗಳ ನಿಯಮದ ಮೇಲೆ, ಅಂದರೆ ಸಾವಿರ ಮನೆಗಳಲ್ಲಿ ಒಂದಕ್ಕೆ ಬೆಂಕಿ ಬಿದ್ದರೆ ಉಳಿದ ಮನೆಯವರ ಕಂತಿನಿಂದ ಅದನ್ನು ಕಟ್ಟಿಕೊಡಬಹುದೆಂಬ ಲೆಕ್ಕದ ಮೇಲೆ. ಆದರೆ ಕಿಡಿಯು ಒಂದು ಮನೆಯಿಂದ ಮತ್ತೊಂದಕ್ಕೆ ಹಾರುವುದನ್ನೇ ಸ್ವಧರ್ಮವಾಗಿಸಿಕೊಂಡಾಗ ಈ ನಿಯಮವು ಮೌನ ತಾಳುತ್ತದೆ. 2021ರಲ್ಲಿ ಸೋಂಕು ಉಕ್ಕಿದಾಗ ಪಾಲಿಸಿಗಳನ್ನು ಏಕಪಕ್ಷೀಯವಾಗಿ ರದ್ದುಪಡಿಸುವುದನ್ನು ಅಲ್ಲಿನ ನಿಯಂತ್ರಕರು ನಿಷೇಧಿಸಿದರು; ಆ ವರ್ಷದ ಅಕ್ಟೋಬರಿನಿಂದ 2022ರ ಏಪ್ರಿಲ್‌ವರೆಗಿನ ಅವಧಿಯಲ್ಲಿ ನಾಲ್ಕು ಕಂಪನಿಗಳು ಪರವಾನಗಿ ಕಳೆದುಕೊಂಡವು. ‘ಮುಗಿಸು’ ಎಂಬ ಪದದ ಕರ್ಮಪದ ಯಾವುದೆಂಬ ವ್ಯಾಕರಣದ ಸಂದೇಹವೂ ಆಗ ಪರಿಹಾರವಾಯಿತು.

ಇದಕ್ಕೆ ಪ್ರತಿಯಾದುದು ಭಾರತೀಯ ಶಯನವಾದ. 2020ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿಯಂತೆ ಬಂದ ‘ಕೊರೊನಾ ರಕ್ಷಕ್’ ಪಾಲಿಸಿಯಲ್ಲಿ ವಿಮಾ ಮೊತ್ತ ಐವತ್ತು ಸಾವಿರದಿಂದ ಎರಡೂವರೆ ಲಕ್ಷ ರೂಪಾಯಿ ಇತ್ತು. ಅದು ಇಡಿಯಾಗಿ ಕೈಸೇರಬೇಕಾದರೆ ಸೋಂಕಿತನು ಸತತ 72 ಗಂಟೆ ಆಸ್ಪತ್ರೆಯಲ್ಲಿ ದಾಖಲಾಗಿರಬೇಕಿತ್ತು. ಪಾಲಿಸಿಯ ಅವಧಿ ಮೂರೂವರೆ, ಆರೂವರೆ ಅಥವಾ ಒಂಬತ್ತೂವರೆ ತಿಂಗಳಾಗಿತ್ತು. ಈ ‘ಅರೆ’ಯ ರಹಸ್ಯವೆಂದರೆ ಮೊದಲ 15 ದಿನಗಳ ನಿರೀಕ್ಷಣಾ ಅವಧಿ: ಆಗ ಬಂದ ಸೋಂಕಿಗೆ ಪರಿಹಾರವಿರಲಿಲ್ಲವಾದ್ದರಿಂದ, ಅದನ್ನು ಶುಭಕಾರ್ಯಕ್ಕೆ ಒದಗದ ಅಧಿಕಮಾಸದ ಅರ್ಧಭಾಗವೆಂದು ತಿಳಿಯತಕ್ಕದ್ದು.

ಶಯನವಾದದ ಪ್ರಕಾರ ಜ್ವರ, ಕೆಮ್ಮು, ಪ್ರಯೋಗಾಲಯದ ವರದಿ ಇವೆಲ್ಲ ರೋಗದ ಆಭಾಸಗಳು ಮಾತ್ರ. ವಾರ್ಡಿನ ಮಂಚವೇ ಪರಮ ಪ್ರಮಾಣ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಹಾಸಿಗೆಗಾಗಿ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಗ ಈ ದರ್ಶನವು ತನ್ನ ಶಿಖರವನ್ನು ಮುಟ್ಟಿತು: ಸೋಂಕು ದೃಢಪಟ್ಟಿದೆ, ಉಸಿರು ಸಾಲದು, ಆದರೆ ಮಂಚವಿಲ್ಲದ್ದರಿಂದ ಗಂಟೆಗಳ ಎಣಿಕೆಯೇ ಆರಂಭವಾಗಿಲ್ಲ. ಇನ್ನು, ಹೊರಗೆ ಕಾದಿದ್ದವರಿಗೆ ಹಾಸಿಗೆ ಬಿಟ್ಟುಕೊಟ್ಟು ಎಪ್ಪತ್ತನೆಯ ಗಂಟೆಗೆ ಮನೆಗೆ ಮರಳಿದವನು ಪುಣ್ಯಕ್ಕೆ ಪಾತ್ರನು, ವಿಮಾ ಮೊತ್ತಕ್ಕಲ್ಲ. ಅವನಿಗೆ ಬಂದದ್ದು ಯಾವ ಕಾಯಿಲೆಯೆಂಬ ಬಗ್ಗೆ ಶಯನವಾದಿಗಳಲ್ಲಿ ಒಮ್ಮತವಿಲ್ಲ.