ವಸಂತಹಿಮಯಾತ್ರಿಕ ಲಕ್ಷಣ

ಆಲ್ಪ್ಸ್‌ನ ಹಿಮವನ್ನು ವಿಂಗಡಿಸಿದ ಪಂಡಿತರಿಗೆ ಕೊರತೆಯಿಲ್ಲ. ದಾವೋಸ್‌ನಲ್ಲಿ ಅದಕ್ಕೆಂದೇ ಒಂದು ಸಂಶೋಧನಾ ಸಂಸ್ಥೆಯಿದೆ. ಏಪ್ರಿಲ್‌ನಲ್ಲಿ ಆ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಹೊರಡುವವರ ವಿಂಗಡಣೆ ಮಾತ್ರ ಬಾಕಿ. ಅವರು ಏಳುವ ಹೊತ್ತೇ ಇಲ್ಲಿ ಪ್ರಮಾಣ.

ಬ್ರಾಹ್ಮೀಮುಹೂರ್ತಿಗಳು ಉತ್ತಮರು. ಹಣೆದೀಪ ಹಚ್ಚಿ ಕತ್ತಲಲ್ಲೇ ಹತ್ತಿ, ರಾತ್ರಿ ಗಟ್ಟಿಯಾದ ಹೆಪ್ಪು ಸಡಿಲುವ ಮೊದಲೇ ಇಳಿದುಬಿಡುತ್ತಾರೆ. ಇವರಲ್ಲಿ ಎರಡು ಪಂಥ. ಉಷ್ಣಮಾಪಕ ಪಂಥದವರು ಪಾದರಸವೊಂದನ್ನೇ ನಂಬುತ್ತಾರೆ. ಆಕಾಶ ಪಂಥದವರು ಬಾಗಿಲು ತೆರೆದು ನಕ್ಷತ್ರ ನೋಡುತ್ತಾರೆ. ನಮ್ಮ ಒಲವು ಎರಡನೆಯವರ ಕಡೆ: ಆಕಾಶ ತಿಳಿಯಾಗಿದ್ದರೆ ಹಿಮ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು, ಗಾಳಿ ಸೊನ್ನೆಗಿಂತ ತುಸು ಬೆಚ್ಚಗಿದ್ದರೂ ಹೆಪ್ಪುಗಟ್ಟುತ್ತದೆ. ಮೋಡ ಕಂಬಳಿ ಹೊದಿಸಿದ ರಾತ್ರಿ ಹೆಪ್ಪು ಕೂರುವುದಿಲ್ಲ. ಅಂಥ ಬೆಳಗ್ಗೆ ನಾಲ್ಕಕ್ಕೆ ಎದ್ದವರು ಮತ್ತೆ ಮಲಗುವುದೇ ಶಾಸ್ತ್ರಸಮ್ಮತ.

ಉಪಾಹಾರೋತ್ತರರು ಮಧ್ಯಮರು. ಬೆಟ್ಟದ ತಂಗುಮನೆಯಲ್ಲಿ ಎರಡನೇ ಕಾಫಿ ಮುಗಿಯುವಷ್ಟರಲ್ಲಿ ಪೂರ್ವದ ಇಳಿಜಾರಿಗೆ ಬಿಸಿಲು ತಾಕಿರುತ್ತದೆ. ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಕರಗಿದ ನೀರು ಒಳಗಿಳಿದು ಹರಳುಗಳ ಹಿಡಿತ ಬಿಡಿಸುತ್ತದೆ. ‘ಹಿಮಕುಸಿತದ ಅಪಾಯದ ಮಟ್ಟ 5ರಲ್ಲಿ ಬರೀ 1’ ಎಂಬುದು ಇವರ ವಾದ. ವಸಂತದ ಮುನ್ಸೂಚನೆಯಲ್ಲಿ ಬೆಳಗ್ಗೆಗೊಂದು, ಮಧ್ಯಾಹ್ನಕ್ಕೊಂದು ಅಂಕ ಇರಬಹುದೆಂದು ಇವರು ಕೆಳಗಿನ ಸಾಲು ಓದಿದ್ದರೆ ತಿಳಿಯುತ್ತಿತ್ತು. ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ, ಬೂಟು ಮೊಣಕಾಲವರೆಗೆ ಹೂತರೆ, ವಾದ ನಿಲ್ಲಿಸಿ 30 ಡಿಗ್ರಿಗಿಂತ ಕಡಿಮೆ ಇಳಿಜಾರಿಗೆ ಸರಿಯತಕ್ಕದ್ದು. ಕಡಿದಾದ ಇಳಿಜಾರಿನ ಬುಡವೂ ನಿಲ್ಲುವ ಜಾಗವಲ್ಲ.

ಉಪಕರಣವಾದಿಗಳಿಗೆ ಹೊತ್ತಿನ ಹಂಗಿಲ್ಲ. ಎದೆಗೆ 457 ಕಿಲೋಹರ್ಟ್ಸ್‌ನ ರೇಡಿಯೊ ಪೆಟ್ಟಿಗೆ, ಬೆನ್ನಿಗೆ ಶೋಧನಕೋಲು, ಸಲಿಕೆ. ಮೂರೂ ಬೇಕು, ಸರಿ. ಆದರೆ ಅವು ಕೆಲಸಕ್ಕೆ ಬರುವುದು ಹೂತುಹೋದ ಮೇಲೆ, ಅದೂ ಹೊರಗುಳಿದ ಜೊತೆಗಾರನ ಕೈಯಲ್ಲಿ. ಒದ್ದೆ ಹಿಮ ನಿಂತೊಡನೆ ಕಲ್ಲಾಗುತ್ತದೆ. ಬದುಕುವ ಸಾಧ್ಯತೆ ಕಾಲು ಗಂಟೆಯೊಳಗೇ ಕುಸಿಯತೊಡಗುತ್ತದೆ.

ಪೂರ್ವಪಕ್ಷ: ಹುಲ್ಲಿನ ಇಳಿಜಾರಿನಲ್ಲಿ ಹಿಮದ ಇಡೀ ಪದರ ನೆಲದಿಂದಲೇ ಜಾರುವುದುಂಟು, ಅದಕ್ಕೆ ರಾತ್ರಿ ಹಗಲೆಂಬ ಭೇದವಿಲ್ಲವಲ್ಲ? ನಿಜ. ನಮ್ಮ ವಿಂಗಡಣೆ ಇಲ್ಲಿ ಮುರಿಯುತ್ತದೆ. ಹಿಮದಲ್ಲಿ ಬಾಯಿಬಿಟ್ಟ ಬಿರುಕು ಕಂಡರೆ ಅದರ ಕೆಳಗೆ ಹಾಯಬಾರದು ಎಂದಷ್ಟೇ ಹೇಳಬಲ್ಲೆವು. ಆ ಬಿರುಕಿನಡಿ ಕೂತು ಬುತ್ತಿ ಬಿಚ್ಚುವವರನ್ನು ಯಾವ ವರ್ಗಕ್ಕೆ ಸೇರಿಸುವುದೆಂಬುದನ್ನು ಮುಂದಿನ ವ್ಯಾಖ್ಯಾನಕಾರರಿಗೆ ಬಿಟ್ಟಿದ್ದೇವೆ.