ಟ್ರಯಲ್ ಇಲ್ಲದ ತೀರ್ಪು

ಬಟ್ಟೆಯಂಗಡಿಯ ಹಿಂಬದಿಯಲ್ಲಿ ಕನ್ನಡಿ ಹೊಡೆದ ಆ ಪುಟ್ಟ ಕೋಣೆಗೆ ಅಮೆರಿಕದವರು ಇಟ್ಟ ಹೆಸರು ಫಿಟ್ಟಿಂಗ್ ರೂಮ್. ನಮ್ಮವರು ಅಲ್ಲಿ ನೆಲೆಸಿ ಮೂವತ್ತು ವರ್ಷ ಕಳೆದರೂ ಅದನ್ನು ಟ್ರಯಲ್ ರೂಮ್ ಎಂದೇ ಕರೆಯುತ್ತಾರೆ. ಅಲ್ಲೇ ಹುಟ್ಟಿದ ಮಕ್ಕಳು ಇದನ್ನು ಕೇಳಿ ನಗುವುದುಂಟು. ನಗಬಾರದು, ಹೆಸರು ಸರಿಯಾಗಿಯೇ ಇದೆ. ಅಮೆರಿಕದವರಿಗೆ ಅದು ಬಟ್ಟೆ ಮೈಗೆ ಕೂರುತ್ತದೆಯೋ ಇಲ್ಲವೋ ನೋಡಿಕೊಳ್ಳುವ ಜಾಗ. ನಮಗೆ ವಿಚಾರಣೆಗೆ ಮುನ್ನ ಆರೋಪಿಯನ್ನು ಕೂರಿಸುವ ಕೊಠಡಿ. ನ್ಯಾಯಪೀಠ ಹೊರಗಿನ ಬೆಂಚಿನ ಮೇಲಿರುತ್ತದೆ: ಅಮ್ಮ, ಅಪ್ಪ, ಆರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದ ಅಜ್ಜಿ, ಕರೆಯದಿದ್ದರೂ ಬಂದ ಪಕ್ಕದ ಮನೆಯ ಆಂಟಿ. ಬಾಗಿಲು ತೆರೆದು ಹುಡುಗಿ ಹೊರಬಂದರೆ ಸಾಕು, ‘ತಿರುಗು’ ಎಂಬ ಆಜ್ಞೆ. 2020ರಲ್ಲಿ ಕೊರೊನಾ ಬಂದು ಆ ಕೋಣೆಗೆ ಬೀಗ ಬಿದ್ದಾಗ ಹೊರನಾಡ ಕನ್ನಡ ಕುಟುಂಬ ಕಳೆದುಕೊಂಡದ್ದು ಅಳತೆಯನ್ನಲ್ಲ, ಈ ಬೆಂಚನ್ನು ಎಂಬುದು ನನ್ನ ವಾದ.

ಮೊದಲು ದಾಖಲೆ ನೋಡೋಣ. ಆ ವರ್ಷ ಮಾರ್ಚ್ ಮಧ್ಯದ ಹೊತ್ತಿಗೆ ಅಮೆರಿಕದ ದೊಡ್ಡ ಬಟ್ಟೆಯಂಗಡಿಗಳು ಸಾಲಾಗಿ ಮುಚ್ಚಿದವು. ಏಪ್ರಿಲ್‌ನಲ್ಲಿ ಉಡುಪಿನಂಗಡಿಗಳ ಮಾರಾಟ ಮಾರ್ಚ್‌ಗಿಂತ ಶೇಕಡಾ 78.8ರಷ್ಟು ಕುಸಿಯಿತೆಂದು ಅಲ್ಲಿನ ಸೆನ್ಸಸ್ ಬ್ಯೂರೊದ ಮೊದಲ ಅಂದಾಜು ಹೇಳಿತು. ಮೇ 4ರಂದು ಡಿಪಾರ್ಟ್‌ಮೆಂಟ್ ಸ್ಟೋರ್ ಸರಣಿ ಮೇಸೀಸ್ ತನ್ನ 68 ಅಂಗಡಿಗಳನ್ನು ಮತ್ತೆ ತೆರೆಯಿತು. ಅದೇ ದಿನ ಅಮೆರಿಕದ ಸುಪ್ರೀಂ ಕೋರ್ಟ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಫೋನಿನ ಮೇಲೆ ವಾದ ಆಲಿಸಿತು. ಕಾಕತಾಳೀಯವೇ ಇರಬಹುದು, ನಮ್ಮ ಕುಟುಂಬ ನ್ಯಾಯಾಲಯಗಳು ವಾಟ್ಸಾಪ್ ವಿಡಿಯೊಗೆ ವರ್ಗವಾದದ್ದೂ ಹೆಚ್ಚುಕಡಿಮೆ ಆಗಲೇ. ಹಲವು ಅಂಗಡಿಗಳು ಬಾಗಿಲು ತೆರೆದರೂ ಟ್ರಯಲ್ ರೂಮು ತೆರೆಯಲಿಲ್ಲ. ಮೇಸೀಸ್ ಒಂದೆರಡನ್ನು ತೆರೆದಿಟ್ಟು, ಯಾರಾದರೂ ತೊಟ್ಟು ಬಿಟ್ಟ ಬಟ್ಟೆಯನ್ನು 24 ಗಂಟೆ ಬೇರೆ ಇಟ್ಟು ಆಮೇಲೆ ಮತ್ತೆ ಸಾಲಿಗೆ ತೂಗುಹಾಕುತ್ತೇನೆಂದಿತು. ಮುಟ್ಟಿದ ಬಟ್ಟೆ ಬೇರೆ, ಮುಟ್ಟದ ಬಟ್ಟೆ ಬೇರೆ! ಗಳುವಿನ ಮೇಲೆ ಕೋಲಿನಿಂದ ಮಡಿಸೀರೆ ಒಣಹಾಕುತ್ತಿದ್ದ ಮುತ್ತಜ್ಜಿ ಇದನ್ನು ನೋಡಿದ್ದರೆ ಎಷ್ಟು ಬೀಗುತ್ತಿದ್ದಳೋ. ಆದರೆ ಅವಳ ಮಡಿ ಮುಟ್ಟಿದವರು ಯಾರ ಮನೆಯವರೆಂದು ಕೇಳುತ್ತಿತ್ತು. ಮೇಸೀಸ್ ಗಂಟೆ ಎಷ್ಟಾಯಿತೆಂದಷ್ಟೇ ಕೇಳಿತು. ವ್ಯತ್ಯಾಸ ಸಣ್ಣದಲ್ಲ. ಕೊನೆಗೆ 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸೋಂಕು ತಗುಲಿದ ವಸ್ತುವನ್ನು ಮುಟ್ಟಿ ರೋಗ ಹತ್ತುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದಿತು. ಅಷ್ಟರಲ್ಲಿ ಹೊಸ ಅಂಗಿಯನ್ನು ಗರಾಜಿನಲ್ಲಿ ಮೂರು ದಿನ ಅಜ್ಞಾತವಾಸಕ್ಕೆ ಕಳಿಸುವುದು ಎಷ್ಟೋ ಮನೆಗಳಲ್ಲಿ ರೂಢಿಯಾಗಿಬಿಟ್ಟಿತ್ತು.

ಅಳತೆಯ ಮಾತಿಗೆ ಬಂದರೆ, ಟ್ರಯಲ್ ರೂಮ್ ಇಲ್ಲದೆ ಬಟ್ಟೆ ಕೊಳ್ಳುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಚಿಕ್ಕಪೇಟೆಯ ಗಾದಿಯ ಮೇಲೆ ಕೂತು ಸೀರೆ ಆರಿಸಿದವರಿಗೆ ಯಾವ ಟ್ರಯಲ್ ರೂಮ್ ಇತ್ತು? ಐದೂವರೆ ಮೀಟರ್ ಸೀರೆ ಹದಿನೆಂಟರ ಹುಡುಗಿಗೂ ಅದೇ, ಎಂಬತ್ತರ ಅಜ್ಜಿಗೂ ಅದೇ. ಪಂಚೆಗೆ ಸೊಂಟದ ಸುತ್ತಳತೆ ಕೇಳಿದವರನ್ನು ಯಾರೂ ಕಂಡಿಲ್ಲ. ರವಿಕೆಗೆ ಅಳತೆ ರವಿಕೆಯಿದೆ. ಒಳಗೆ ಎರಡು ಹೊಲಿಗೆ ಹೆಚ್ಚು ಹಾಕಿ, ಮೈ ಬಂದಂತೆ ಬಿಚ್ಚಿಕೊಳ್ಳಿ ಎನ್ನುವ ದೂರದೃಷ್ಟಿಯ ಟೈಲರ್ ಇದ್ದಾನೆ. ಅಂಗಿಯನ್ನು ಬೆನ್ನಿಗೆ ಹಿಡಿದರೆ ಭುಜದ ಲೆಕ್ಕ ಸಿಕ್ಕಿತು. ಪ್ಯಾಂಟಿನ ಸೊಂಟವನ್ನು ಗುಂಡಿ ಹಾಕಿ ಕುತ್ತಿಗೆಗೆ ಸುತ್ತಿ, ಎರಡು ತುದಿಗಳು ಹಿಂದೆ ಕೂಡಿದರೆ ಪ್ಯಾಂಟು ನಿಮ್ಮದು. ಮಕ್ಕಳಿಗಂತೂ ಅಳತೆಯ ಪ್ರಶ್ನೆಯೇ ಇಲ್ಲ: ಬೆಳೆಯೋ ಮಕ್ಕಳು, ಎರಡು ಸೈಜ್ ದೊಡ್ಡದೇ ಇರಲಿ. ಇತ್ತ ಅಮೆರಿಕದ ಸೈಜುಗಳ ಕಥೆ ಕೇಳಿ. 1939–40ರಲ್ಲಿ ಅಲ್ಲಿನ ಕೃಷಿ ಇಲಾಖೆ (ಹೌದು, ಗೋಧಿ ಜೋಳದ ಲೆಕ್ಕ ಇಡುವ ಇಲಾಖೆಯೇ) ಸುಮಾರು 15,000 ಹೆಂಗಸರ ಅಳತೆ ತೆಗೆಸಿತು. ಬಿಳಿಯರಲ್ಲದವರ ಅಳತೆಗಳನ್ನು ಲೆಕ್ಕದಿಂದ ಕೈಬಿಟ್ಟರು. ಅದರ ಆಧಾರದ ಮೇಲೆ 1958ರಲ್ಲಿ ಒಂದು ಮಾನದಂಡ ಬಂತು, 1983ರಲ್ಲಿ ಅದೂ ಹೋಯಿತು. ಈಗ ಒಂದು ಅಂಗಡಿಯ ಎಂಟು ಇನ್ನೊಂದು ಅಂಗಡಿಯ ನಾಲ್ಕು. ಇಂಥ ಊರಿನಲ್ಲಿ ತೊಟ್ಟು ನೋಡದೆ ಗತಿಯಿಲ್ಲ, ನಿಜ. ಆದರೆ ನಮ್ಮ ಮೈಯನ್ನು ಎಂದೂ ಅಳೆಯದ ಸೈಜನ್ನು ನಾವು ಎಂದೂ ನಂಬಿರಲಿಲ್ಲವಾದ್ದರಿಂದ, ನಂಬಿಕೆ ಮುರಿಯುವ ನೋವು ನಮಗಾಗಲಿಲ್ಲ.

ನೋವಾದದ್ದು ಬೆಂಚಿನ ವಿಷಯದಲ್ಲಿ. ಅಂಗಡಿಯೊಳಗೆ ಇಷ್ಟೇ ಜನ ಎಂಬ ಮಿತಿ ಬಂದು, ಮನೆಗೊಬ್ಬರು ಹೋಗುವಂತಾಯಿತು. ಹೇಗೋ ಇಬ್ಬರು ಹೋದರೂ ಮಾಸ್ಕು. ನಮ್ಮ ಮನೆಗಳಲ್ಲಿ ಬಟ್ಟೆಯ ಮೇಲಿನ ತೀರ್ಪು ಮಾತಿನಲ್ಲಿ ಬರುವುದಿಲ್ಲ, ಮೂತಿಯಲ್ಲಿ ಬರುತ್ತದೆ. ‘ಚೆನ್ನಾಗಿದೆ’ ಎಂಬ ಶಬ್ದಕ್ಕೆ ನಾಲ್ಕೈದು ಅರ್ಥಗಳಿವೆ. ಯಾವುದೆಂದು ತಿಳಿಯಲು ಹೆಂಡತಿಯ ತುಟಿಯ ಎಡ ಮೂಲೆ ನೋಡಬೇಕು. ಆ ಮೂಲೆ ಬಟ್ಟೆಯ ಹಿಂದೆ ಅಡಗಿದ ಮೇಲೆ ಗಂಡಸರು ಶಬ್ದವನ್ನೇ ನಂಬಿ ಬಿಲ್ ಮಾಡಿಸಿದರು. ಪರಿಣಾಮ ಎಲ್ಲರಿಗೂ ಗೊತ್ತು. ವಿಡಿಯೊ ಕರೆ ಮಾಡಿ ಊರಿನ ಹಿರಿಯರಿಗೆ ತೋರಿಸೋಣವೆಂದರೆ, ನ್ಯೂಜೆರ್ಸಿಯಲ್ಲಿ ಮಧ್ಯಾಹ್ನವಾದರೆ ಮೈಸೂರಿನಲ್ಲಿ ರಾತ್ರಿ ಮಲಗುವ ಹೊತ್ತು. ಅಂಗಡಿಯ ದೀಪದಡಿ, ಫೋನಿನ ಕಣ್ಣಲ್ಲಿ ಗಿಣಿಹಸಿರು ರಾಮಾ ಗ್ರೀನ್ ಆಗಿ, ಬದನೆಕಾಯಿ ಬಣ್ಣ ಕಪ್ಪಾಗಿ, ನಿದ್ದೆಗಣ್ಣಿನ ಅಜ್ಜಿ ‘ಅಷ್ಟು ಕಪ್ಪು ಬೇಡಮ್ಮ, ಹಬ್ಬಕ್ಕೆ’ ಎನ್ನುತ್ತಿದ್ದಳು. ಅದು ಸಾಕ್ಷ್ಯದ ದೋಷ. ತೀರ್ಪು ಮಾತ್ರ ಅಂತಿಮ.

ಇಲ್ಲಿ ಬಲ್ಲವರು ಆಕ್ಷೇಪ ತೆಗೆಯಬಹುದು: ಹೊರನಾಡಿನವರು ಒಳ್ಳೆಯ ಬಟ್ಟೆಯನ್ನೆಲ್ಲ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಕೊಳ್ಳುವವರಲ್ಲವೇ, ಅವರಿಗೆ ಅಮೆರಿಕದ ಬೆಂಚು ಯಾಕೆ? ಸರಿ, ಆದರೆ ಆ ಸರಬರಾಜು ಬರುವುದು 23 ಕಿಲೊ ಸೂಟ್‌ಕೇಸಿನಲ್ಲಿ. 2020ರ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ, ಭಾರತದಲ್ಲಿ ಲಾಕ್‌ಡೌನ್‌ನ ಮೊದಲ ದಿನ. ವಿದೇಶದ ವಿಮಾನಗಳು ಅದಕ್ಕೂ ಮೊದಲೇ ನಿಂತಿದ್ದವು. ಹೊಲಿಯಲು ಕೊಟ್ಟ ರವಿಕೆಗಳು ಟೈಲರ್ ಹತ್ತಿರವೇ ಉಳಿದವು. ಇನ್ನೊಂದು ಆಕ್ಷೇಪ, ಆನ್‌ಲೈನ್ ಇತ್ತಲ್ಲ ಎಂಬುದು. ಇತ್ತು. ಅದರಿಂದ ಟ್ರಯಲ್ ರೂಮು ಮಲಗುವ ಕೋಣೆಗೆ ಬಂತು, ಬೆಂಚು ಸೋಫಾ ಆಯಿತು. ಅಂದರೆ ನನ್ನ ವಾದಕ್ಕೇ ಬಲ ಬಂತು: ಜನ ತರಿಸಿಕೊಂಡದ್ದು ಮೂರು ಸೈಜಿನ ಅಂಗಿಗಳನ್ನಲ್ಲ, ಮೂರು ಬಾರಿ ವಿಚಾರಣೆ ನಡೆಸುವ ಅವಕಾಶವನ್ನು. ಮೂರನೆಯ ಆಕ್ಷೇಪ ಹದಿನಾರರ ಮಕ್ಕಳದು, ಅದು ಗಟ್ಟಿಯಾದದ್ದು. ಬೆಂಚು ಹೋದರೆ ಹೋಗಲಿ, ನಮಗೆ ಬೇಕಿದ್ದದ್ದು ಆ ಕೋಣೆಯ ಚಿಲಕ ಎನ್ನುತ್ತಾರೆ ಅವರು. ಲಾಕ್‌ಡೌನಿನಲ್ಲಿ ಇಡೀ ದಿನ ಅಪ್ಪ ಅಮ್ಮನ ಕಣ್ಣೆದುರೇ ಇದ್ದವರಿಗೆ, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಎಷ್ಟು ದೊಡ್ಡದೆಂಬುದನ್ನು ನನ್ನ ವಾದ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಅಪ್ಪಂದಿರ ಕಡೆಯಿಂದ ಆಕ್ಷೇಪವೇ ಬರಲಿಲ್ಲ. ಅಂಗಿ, ಟಾಪುಗಳ ಮಾರಾಟ ಏರಿದೆ, ಪ್ಯಾಂಟುಗಳದು ಏರಿಲ್ಲ ಎಂದು ವಾಲ್‌ಮಾರ್ಟ್ ಆ ಮಾರ್ಚ್‌ನಲ್ಲೇ ಹೇಳಿತ್ತು. ಜೂಮ್ ಮೀಟಿಂಗಿನಲ್ಲಿ ಮೇಲೆ ಇಸ್ತ್ರಿ ಅಂಗಿ, ಕೆಳಗೆ ಪಂಚೆ. ಇಡೀ ಅಮೆರಿಕ ಪೈಜಾಮಕ್ಕೆ ಇಳಿದಾಗ ನಮ್ಮವರು ಇದ್ದಲ್ಲೇ ಇದ್ದರು.

ಉಳಿದದ್ದು ಬಾಕಿ ಪ್ರಕರಣಗಳು. ಎಷ್ಟೋ ಅಂಗಡಿಗಳು ವಾಪಸ್ ಕೊಡುವ ಅವಧಿ ಹೆಚ್ಚಿಸಿದವು. ಹೆಚ್ಚಿಸಿದ ಅವಧಿಯೂ ಮುಗಿಯಿತು. ಚೀಟಿ ಕೀಳದ ಅಂಗಿಗಳು ಕ್ಲಾಸೆಟ್ಟಿನಲ್ಲಿ ತೂಗಾಡುತ್ತ, ಮುಂದಿನ ದಿನಾಂಕಕ್ಕೆ ಕಾದವು. 2022ರ ಮಾರ್ಚ್ 27ರಂದು ಭಾರತಕ್ಕೆ ಮಾಮೂಲು ವಿಮಾನಗಳು ಮತ್ತೆ ಶುರುವಾದಾಗ ಅವೆಲ್ಲ ಒಟ್ಟಿಗೆ ಖುಲಾಸೆಯಾಗಿ ಸೂಟ್‌ಕೇಸ್ ಸೇರಿದವು. ‘ನಿಮಗೇಂತಲೇ ತಂದದ್ದು’ ಎಂದು ಕೈಗಿಟ್ಟರೆ, ಚಿಕ್ಕಪ್ಪ ಅಂಗಿಯನ್ನು ಎದೆಗೆ ಹಿಡಿದು, ಭುಜ ಎರಡಿಂಚು ಆಚೆ ಬಿದ್ದದ್ದನ್ನು ನೋಡಿಯೂ ನೋಡದಂತೆ ಅನ್ನುತ್ತಾರೆ: ‘ಒಂದ್ಸಲ ಒಗೆದರೆ ಸರಿ ಹೋಗುತ್ತೆ ಬಿಡು.’